ಬೈರನ್‌ನ ನಾಯಕ ಬಂಡೆದ್ದದ್ದು ಯಾರಿಗಾಗಿ?

ಸಂಧ್ಯಾಪಠನ

ಇಂಗ್ಲಿಷ್ ಸಾಹಿತ್ಯದ ರೊಮ್ಯಾಂಟಿಕ್ ಕಾಲದ ಬಗ್ಗೆ ಯಾವ ಪಠ್ಯಪುಸ್ತಕ ತೆರೆದರೂ ಕವಿ ಬೈರನ್‌ನ ನಾಯಕನಿಗೆ ಒಂದೇ ಬಗೆಯ ಪರಿಚಯ ಸಿಗುತ್ತದೆ. ಅವನು ಒಂಟಿ, ಗರ್ವಿ, ಯಾವುದೋ ಹಳೆಯ ಪಾಪವನ್ನು ಎದೆಯೊಳಗೆ ಬಚ್ಚಿಟ್ಟುಕೊಂಡು ಬೇಯುವವನು, ಜೊತೆಗೆ ಸಮಾಜದ ಕಟ್ಟಳೆಗಳನ್ನು ಧಿಕ್ಕರಿಸಿದ ಬಂಡುಕೋರ. ಮೊದಲಿನ ಮಾತುಗಳಿಗೆ ನನ್ನ ತಕರಾರಿಲ್ಲ. ‘ಬಂಡುಕೋರ’ ಎಂಬುದನ್ನು ಮಾತ್ರ ಒಪ್ಪಲಾಗುತ್ತಿಲ್ಲ.

ಈ ವರ್ಷ ಪದವಿ ತರಗತಿಗೆ ಬೈರನ್‌ನ ‘ದಿ ಕೋರ್ಸೇರ್’ ಪಾಠ ಮಾಡುತ್ತಿದ್ದೇನೆ. 1814ರ ಫೆಬ್ರವರಿ 1ರಂದು ಹೊರಬಂದ ಈ ಕಥನಕಾವ್ಯದ ಹತ್ತು ಸಾವಿರ ಪ್ರತಿಗಳು ಅದೊಂದೇ ದಿನ ಖರ್ಚಾದವು. ನಾಯಕ ಕಾನ್ರಾಡ್ ಕಡಲ್ಗಳ್ಳರ ಒಡೆಯ. ಫಕೀರನ ವೇಷದಲ್ಲಿ ಸೈದ್ ಪಾಷಾನ ಅರಮನೆ ಹೊಕ್ಕು ದಾಳಿ ನಡೆಸುತ್ತಾನೆ. ಜನಾನಾಕ್ಕೆ ಬೆಂಕಿ ಹತ್ತಿದಾಗ ಹೆಂಗಸರನ್ನು ಹೊರಗೆ ತರಲು ನಿಲ್ಲುತ್ತಾನೆ. ಅಷ್ಟರಲ್ಲಿ ಪಾಷಾನ ಸೈನಿಕರು ಸುಧಾರಿಸಿಕೊಳ್ಳುತ್ತಾರೆ, ಕಾನ್ರಾಡ್ ಸೆರೆಯಾಗುತ್ತಾನೆ. ಶೂಲಕ್ಕೇರಿಸುವ ಶಿಕ್ಷೆ ಗೊತ್ತಾಗುತ್ತದೆ. ಬೆಂಕಿಯಿಂದ ಬದುಕಿ ಬಂದ ಗುಲ್ನಾರೆ, ಪಾಷಾನ ಮೆಚ್ಚಿನ ದಾಸಿ, ರಾತ್ರಿ ಸೆರೆಮನೆಗೆ ಬಂದು ಅವನ ಕೈಗೆ ಕಠಾರಿ ಕೊಡಲು ಬರುತ್ತಾಳೆ. ‘ಮಲಗಿದವನನ್ನು ನಾನು ಕೊಲ್ಲುವುದಿಲ್ಲ’ ಎನ್ನುತ್ತಾನೆ ಕಾನ್ರಾಡ್. ಸರಿ, ಅವಳೇ ಹೋಗಿ ಕೊಂದು ಬರುತ್ತಾಳೆ.

ಆಮೇಲಿನ ಸಾಲುಗಳನ್ನು ನೋಡಿ. ಹಿಂತಿರುಗಿದ ಅವಳ ಹಣೆಯ ಮೇಲೆ ಒಂದು ರಕ್ತದ ಕಲೆ ಉಳಿದಿದೆ, ತೊಳೆಯಲು ಮರೆತಿದ್ದಾಳೆ. ಅದನ್ನು ಕಂಡು ಕಾನ್ರಾಡ್ ನಡುಗಿಬಿಡುತ್ತಾನೆ. ಯುದ್ಧಗಳಲ್ಲಿ ಎಷ್ಟೋ ರಕ್ತ ನೋಡಿದವನು, ತಾನೇ ಹರಿಸಿದವನು. ಆ ಒಂದು ಚುಕ್ಕೆ ಅವಳ ಮುಖದ ಚೆಲುವನ್ನೆಲ್ಲ ಅಳಿಸಿಹಾಕಿತು ಎಂದು ಕವಿ ಬರೆಯುತ್ತಾನೆ. ಮಾರಾಟದ ಸರಕಿನಂತೆ ಬಂದ ಹೆಣ್ಣೊಬ್ಬಳು ತನ್ನ ಒಡೆಯನ ಮೇಲೆ ಕೈ ಎತ್ತಿದ್ದಾಳೆ. ಇಡೀ ಕಾವ್ಯದಲ್ಲಿ ನಿಜವಾಗಿ ಬಂಡೆದ್ದವಳು ಅವಳೇ. ಕಾನ್ರಾಡ್ ಯಾರ ಸಂಕೋಲೆಯನ್ನು ಕತ್ತರಿಸಿದ? ಅವನ ಮುನಿಸಿಗೆ ಸ್ಪಷ್ಟ ಕಾರಣವನ್ನೂ ಬೈರನ್ ಕೊಡುವುದಿಲ್ಲ, ‘ಲೋಕ ಅವನನ್ನು ನಿರಾಸೆಗೊಳಿಸಿತು’ ಎಂಬಷ್ಟಕ್ಕೆ ಬಿಡುತ್ತಾನೆ.

ಮುಖ ಗಂಟಿಕ್ಕಿಕೊಂಡು ಒಂಟಿಯಾಗಿ ನಿಂತವನನ್ನೆಲ್ಲ ನಾವು ಬಂಡಾಯಗಾರನೆಂದು ಏಕೆ ಕರೆಯಬೇಕು? ಓದಿದವರು ಹೇಳಿ.

ತುಂಗಾತೀರ

ಕಾವ್ಯಕ್ಕೆ ಗುಲ್ನಾರೆಯ ಹೆಸರನ್ನೇ ಇಡಬೇಕಿತ್ತು.

ಹಳೇಪುಸ್ತಕ

ಮೇಡಂ, ಕಾನ್ರಾಡ್‌ಗೆ ನೀವು ಅನ್ಯಾಯ ಮಾಡುತ್ತಿದ್ದೀರಿ. ಹೆಂಗಸರ ಕೂಗು ಕೇಳಿ ಗೆಲುವನ್ನೇ ಕೈಬಿಟ್ಟವನು ಅವನು. ಆ ಕ್ಷಣ ಓಡಿಹೋಗಿದ್ದರೆ ಸೆರೆ ಸಿಕ್ಕುತ್ತಿರಲಿಲ್ಲ. ಶೂಲದ ಭಯವಿದ್ದರೂ ನಿದ್ದೆಯಲ್ಲಿರುವ ಶತ್ರುವನ್ನು ಮುಟ್ಟುವುದಿಲ್ಲ ಎನ್ನುವುದು ಸಣ್ಣ ಮಾತೇ? ಕಾನೂನನ್ನು ತೊರೆದವನು ತನಗೆ ತಾನೇ ಒಂದು ಕಟ್ಟುಪಾಡು ವಿಧಿಸಿಕೊಂಡು ಅದಕ್ಕಾಗಿ ಸಾಯಲು ಸಿದ್ಧನಾಗುವುದೇ ಈ ನಾಯಕರ ಹೆಚ್ಚುಗಾರಿಕೆ. ಕಾವ್ಯದ ಕೊನೆಯ ಸಾಲು ಏನು ಹೇಳುತ್ತದೆ? ಒಂದು ಸದ್ಗುಣ, ಸಾವಿರ ಅಪರಾಧ. ಬೈರನ್ ಅವನನ್ನು ದೇವರು ಮಾಡಿಲ್ಲ. ಲೆಕ್ಕ ಸರಿಯಾಗಿಯೇ ಇಟ್ಟಿದ್ದಾನೆ.

ಸಂಧ್ಯಾಪಠನ

ಹಳೇಪುಸ್ತಕ ಅವರೇ, ಆ ಕಟ್ಟುಪಾಡು ಯಾರದ್ದು? ಕತ್ತಿ ಹಿಡಿದು ಎದುರಾಬದುರು ನಿಲ್ಲಲು ಅವಕಾಶವಿರುವವರದ್ದು. ಗುಲ್ನಾರೆಗೆ ಪಾಷಾನ ಎದುರು ಕತ್ತಿ ಹಿಡಿದು ನಿಲ್ಲುವ ದಾರಿ ಎಲ್ಲಿತ್ತು? ಅವಳಿಗೆ ಸಿಗುತ್ತಿದ್ದುದು ಅವನು ಮಲಗಿದ ಹೊತ್ತು ಒಂದೇ.

ಕಪ್ಪುಶಾಯಿ

ಈ ನಾಯಕನನ್ನು ಬೈರನ್ ಶೂನ್ಯದಿಂದ ಸೃಷ್ಟಿಸಲಿಲ್ಲ ಎಂಬುದನ್ನು ನೆನಪಿಡಬೇಕು. ಮಿಲ್ಟನ್‌ನ 1667ರ ಕಾವ್ಯ ‘ಪ್ಯಾರಡೈಸ್ ಲಾಸ್ಟ್’ನ ಸೈತಾನ ಇವರೆಲ್ಲರ ಮೂಲಪುರುಷ. ಸ್ವರ್ಗದ ಊಳಿಗಕ್ಕಿಂತ ನರಕದ ಒಡೆತನ ಮೇಲು ಎಂದವನು. ಜರ್ಮನ್ ಕವಿ ಷಿಲ್ಲರ್‌ನ ‘ದರೋಡೆಕೋರರು’ ನಾಟಕ 1782ರಲ್ಲಿ ಮಾನ್‌ಹೈಮ್‌ನಲ್ಲಿ ರಂಗಕ್ಕೆ ಬಂತು. ಅದರ ಕಾರ್ಲ್ ಮೋರ್ ಶ್ರೀಮಂತ ಮನೆತನದ ಹುಡುಗ, ತಮ್ಮನ ಕುತಂತ್ರದಿಂದ ಮನೆಯಿಂದ ದೂರವಾಗಿ ಕಾಡು ಸೇರಿ ಡಕಾಯಿತರ ನಾಯಕನಾಗುತ್ತಾನೆ. ಆನ್ ರ‍್ಯಾಡ್‌ಕ್ಲಿಫ್‌ಳ ಭಯಾನಕ ಕಾದಂಬರಿಗಳ ಖಳರಾದ ಮೊಂಟೋನಿ, ಸ್ಕೆಡೋನಿ ಇವರ ಹುಬ್ಬು, ಕಣ್ಣು, ಮುಖದ ಕಳೆಯನ್ನು ಬೈರನ್ ನೇರವಾಗಿ ಎತ್ತಿಕೊಂಡಿದ್ದಾನೆ. ಖಳನನ್ನು ನಾಯಕನ ಪೀಠದಲ್ಲಿ ಕೂರಿಸಿದ್ದು ಅವನ ಕೊಡುಗೆ.

ಸಂಧ್ಯಾಪಠನ ಅವರ ಪ್ರಶ್ನೆಗೆ ಉತ್ತರ ಬೈರನ್‌ನ ಗೆಳೆಯ, ಕವಿ ಷೆಲ್ಲಿಯೇ ಕೊಟ್ಟಿದ್ದಾನೆ. 1820ರಲ್ಲಿ ಬಂದ ‘ಪ್ರೊಮಿಥ್ಯೂಸ್ ಅನ್‌ಬೌಂಡ್’ ನಾಟಕದ ಮುನ್ನುಡಿಯಲ್ಲಿ ಅವನು ಸೈತಾನನನ್ನೂ, ಮನುಷ್ಯರಿಗಾಗಿ ಬೆಂಕಿ ಕದ್ದ ಗ್ರೀಕ್ ಪುರಾಣದ ಪ್ರೊಮಿಥ್ಯೂಸ್‌ನನ್ನೂ ಹೋಲಿಸಿ ನೋಡುತ್ತಾನೆ. ಇಬ್ಬರೂ ಸರ್ವಶಕ್ತನಿಗೆ ಎದುರು ನಿಂತವರೇ. ಆದರೆ ಪ್ರೊಮಿಥ್ಯೂಸ್‌ನಲ್ಲಿ ಅಧಿಕಾರದ ಆಸೆ, ಹೊಟ್ಟೆಕಿಚ್ಚು, ಸೇಡು ಇವುಗಳ ಸೋಂಕಿಲ್ಲ, ಆದ್ದರಿಂದ ಅವನೇ ದೊಡ್ಡವನು ಎನ್ನುತ್ತಾನೆ. ಈ ಒರೆಗಲ್ಲಿಗೆ ಉಜ್ಜಿದರೆ ಕಾನ್ರಾಡ್ ಯಾವ ಕಡೆ ನಿಲ್ಲುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ದೂರದೂರು

ನಾನು ನಾಟಿಂಗ್‌ಹ್ಯಾಮ್‌ನಲ್ಲಿರುವ ಕನ್ನಡಿಗ. ಬೈರನ್‌ನ ಮನೆತನದ ನ್ಯೂಸ್ಟೆಡ್ ಆ್ಯಬಿ ಇಲ್ಲಿಗೆ ಹತ್ತಿರ. ಇಲ್ಲಿಯವರಿಗೆ ಬೈರನ್ ಎಂದರೆ ಮೊದಲು ನೆನಪಾಗಬೇಕಾದದ್ದು ಕಡಲ್ಗಳ್ಳನ ಕಥೆಯಲ್ಲ, 1812ರ ಫೆಬ್ರವರಿ 27ರ ಭಾಷಣ. ಈ ಸೀಮೆಯಲ್ಲಿ ಕಾಲುಚೀಲ ಹೆಣೆಯುವ ಕೆಲಸಗಾರರು ಕೂಲಿ ಬಿದ್ದುಹೋಗಿ ಉಪವಾಸ ಬಿದ್ದಿದ್ದರು. ಕಳಪೆ ಮಾಲು ತೆಗೆಯುವ ಹೆಣಿಗೆ ಯಂತ್ರಗಳನ್ನು ರಾತ್ರಿ ಹೊತ್ತು ಒಡೆಯತೊಡಗಿದರು. ಯಂತ್ರ ಒಡೆದವರಿಗೆ ಗಲ್ಲು ಎಂಬ ಮಸೂದೆ ಬಂತು. ಮೇಲ್ಮನೆಯಲ್ಲಿ ಬೈರನ್ ಮಾಡಿದ ಮೊತ್ತಮೊದಲ ಭಾಷಣ ಅದರ ವಿರುದ್ಧ. ತುರ್ಕಿಯ ಅತ್ಯಂತ ದಮನಿತ ಪ್ರಾಂತಗಳನ್ನು ಸುತ್ತಿ ಬಂದಿದ್ದೇನೆ, ಇಲ್ಲಿ ಕಂಡಂಥ ದೈನ್ಯವನ್ನು ಅಲ್ಲೂ ಕಾಣಲಿಲ್ಲ ಎಂದ. ಈ ಕಾನೂನು ನಡೆಯಬೇಕಾದರೆ ಹನ್ನೆರಡು ಕಟುಕರ ಪಂಚಾಯಿತಿ ಬೇಕು ಎಂದ. ಆಗ ಅವನಿಗೆ 24 ವರ್ಷ.

ಮಸೂದೆ ಪಾಸಾಯಿತು, ಅದು ಬೇರೆ ಮಾತು. ಇಂಥವನು ಸೃಷ್ಟಿಸಿದ ನಾಯಕ ಬಂಡುಕೋರನಲ್ಲ ಎಂದರೆ ಹೇಗೆ?

ಬರಿಯ ಓದುಗ

ಆ ಭಾಷಣವಾದ ಮುಂದಿನ ತಿಂಗಳೇ ಬೈರನ್‌ನ ‘ಚೈಲ್ಡ್ ಹೆರಾಲ್ಡ್’ ಕಾವ್ಯ ಬಂತು, ಐನೂರು ಪ್ರತಿ ಮೂರು ದಿನದಲ್ಲಿ ಮುಗಿದು ಅವನು ರಾತ್ರೋರಾತ್ರಿ ಪ್ರಸಿದ್ಧನಾದ. ಲಂಡನ್ನಿನ ದಿವಾನಖಾನೆಗಳು ಅವನನ್ನು ಎಳೆದುಕೊಂಡವು. ನೇಕಾರರು ಅಲ್ಲಿಗೇ ಉಳಿದರು.

ಸಂಧ್ಯಾಪಠನ

ದೂರದೂರು ಅವರೇ, ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ. ಬೈರನ್ ಎಂಬ ಮನುಷ್ಯ ನೇಕಾರರ ಪರ ನಿಂತ. 1823ರಲ್ಲಿ ಗ್ರೀಸಿನ ಸ್ವಾತಂತ್ರ್ಯ ಹೋರಾಟಕ್ಕೆ ಹೊರಟು, ಅಲ್ಲಿನ ನೌಕಾಪಡೆಗೆ ತನ್ನ ಕೈಯಿಂದ ನಾಲ್ಕು ಸಾವಿರ ಪೌಂಡ್ ಕೊಟ್ಟು, 1824ರ ಏಪ್ರಿಲ್ 19ರಂದು ಮಿಸೊಲೊಂಗಿಯಲ್ಲಿ ಜ್ವರದಿಂದ ಸತ್ತ. ವೈದ್ಯರು ಮತ್ತೆ ಮತ್ತೆ ರಕ್ತ ಬಸಿದದ್ದರಿಂದ ಇನ್ನಷ್ಟು ಬೇಗ. ಈ ಬೈರನ್ ಬಗ್ಗೆ ನನಗೆ ಅಪಾರ ಗೌರವವಿದೆ. ಅವನ ನಾಯಕರು ಇಂಥದ್ದೇನನ್ನೂ ಮಾಡುವುದಿಲ್ಲ ಎಂಬುದೇ ನನ್ನ ದೂರು.

‘ಕೋರ್ಸೇರ್’ ಬಂದ ವರ್ಷವೇ ಬಂದ ‘ಲಾರಾ’ ಓದಿ. ಅದರ ನಾಯಕ ಊಳಿಗಮಾನ್ಯ ಪ್ರಭು. ತನ್ನ ಜಮೀನಿನ ಜೀತದಾಳುಗಳನ್ನು ಬಿಡುಗಡೆ ಮಾಡಿ, ಅವರ ದಂಗೆಯ ಮುಂದಾಳಾಗುತ್ತಾನೆ. ಕೇಳಲು ಭವ್ಯವಾಗಿದೆ. ಅಲ್ಲೇ ಕವಿ ಕೇಳುತ್ತಾನೆ: ಜನರ ಸ್ವಾತಂತ್ರ್ಯದಿಂದ ಇವನಿಗೇನಾಗಬೇಕಿತ್ತು? ಗರ್ವಿಗಳನ್ನು ಬಗ್ಗಿಸುವುದಕ್ಕಾಗಿ ಮಾತ್ರ ದೀನರನ್ನು ಮೇಲೆತ್ತಿದ. ಆ ಜೀತದಾಳುಗಳು ಯುದ್ಧದಲ್ಲಿ ಸಾಯುತ್ತಾರೆ. ನಮಗೆ ಮಾತ್ರ ಲಾರಾನ ಬಿಳಿಚಿದ ಹಣೆಯ ವರ್ಣನೆ ನೆನಪಿರುತ್ತದೆ. ಬೈರನ್‌ಗೆ ಇದು ಗೊತ್ತಿತ್ತು. ಪಠ್ಯಪುಸ್ತಕ ಬರೆದವರಿಗೆ ಗೊತ್ತಾಗಲಿಲ್ಲ.

ತುಂಗಾತೀರ

ಲಾರಾನ ಜೊತೆಗಿರುವ ಕಾಲೆದ್ ಎಂಬ ಹುಡುಗ ನಿಜದಲ್ಲಿ ಗಂಡುವೇಷದ ಹೆಣ್ಣು. ಕಾನ್ರಾಡ್‌ನೇ ಲಾರಾ, ಗುಲ್ನಾರೆಯೇ ಕಾಲೆದ್ ಎಂದು ಅನೇಕರು ಓದಿಕೊಳ್ಳುತ್ತಾರೆ. ಹಾಗಿದ್ದರೆ ಪಾಷಾನಿಂದ ಬಿಡಿಸಿಕೊಂಡವಳು ಇನ್ನೊಬ್ಬ ಒಡೆಯನ ಹಿಂದೆ ಬಂದಳು ಎಂದಾಯಿತು.

ಪಡುವಣಗಾಳಿ

ನೀವೆಲ್ಲ ಬಂಡಾಯವೆಂದರೆ ಮೆರವಣಿಗೆ, ಮಸೂದೆ, ದಂಗೆ ಎಂದಷ್ಟೇ ತಿಳಿದಂತಿದೆ. ‘ಮ್ಯಾನ್‌ಫ್ರೆಡ್’ ಎಲ್ಲಿ ಹೋಯಿತು? 1817ರ ಈ ನಾಟಕವನ್ನು ಬಿಟ್ಟು ಬೈರನ್‌ನ ನಾಯಕನ ಬಗ್ಗೆ ತೀರ್ಪು ಕೊಡುವುದು ಅವಸರದ ಕೆಲಸ.

ಮ್ಯಾನ್‌ಫ್ರೆಡ್ ಆಲ್ಪ್ಸ್ ಪರ್ವತದ ಕೋಟೆಯಲ್ಲಿ ಒಬ್ಬನೇ ಇರುವ ವಿದ್ವಾಂಸ. ಅಸ್ಟಾರ್ಟೆ ಎಂಬವಳ ಸಾವಿಗೆ ತಾನು ಕಾರಣ ಎಂಬ ಪಾಪಪ್ರಜ್ಞೆ. ಮರೆವು ಬೇಕೆಂದು ಭೂತಗಳನ್ನು ಕರೆಯುತ್ತಾನೆ, ಅವಕ್ಕೆ ಅದನ್ನು ಕೊಡಲಾಗುವುದಿಲ್ಲ. ಯುಂಗ್‌ಫ್ರೌ ಶಿಖರದಿಂದ ಹಾರಲು ಹೊರಟಾಗ ಒಬ್ಬ ಬಡ ಬೇಟೆಗಾರ ಹಿಡಿದೆಳೆಯುತ್ತಾನೆ. ದುಷ್ಟಶಕ್ತಿಗಳ ಒಡೆಯ ಅರಿಮಾನೆಸ್‌ನ ಸಭೆಗೆ ಹೋದಾಗ ಎಲ್ಲರೂ ‘ಮಂಡಿಯೂರು’ ಎಂದು ಅರಚುತ್ತಾರೆ, ಅವನು ಊರುವುದಿಲ್ಲ. ಮಠಾಧಿಪತಿ ಬಂದು ಪಶ್ಚಾತ್ತಾಪ ಪಡು ಎಂದರೆ ಅದಕ್ಕೂ ಒಲ್ಲೆ ಎನ್ನುತ್ತಾನೆ. ಸಾವಿನ ಗಳಿಗೆಯಲ್ಲಿ ಕೊಂಡೊಯ್ಯಲು ಬಂದ ಪಿಶಾಚಿಯನ್ನೂ ಹೊರಗಟ್ಟುತ್ತಾನೆ: ನನ್ನನ್ನು ನಾಶ ಮಾಡಿಕೊಂಡವನು ನಾನೇ, ನಿನಗೆ ನನ್ನ ಮೇಲೆ ಹಕ್ಕಿಲ್ಲ.

ದೇವರ ಕಡೆಗೂ ಸೇರದೆ ಸೈತಾನನ ಕಡೆಗೂ ಸೇರದೆ ನನ್ನ ಪಾಪಕ್ಕೆ ನಾನೇ ಹೊಣೆ ಎಂದವನು ಇವನಿಗೆ ಮೊದಲು ಯಾರಿದ್ದರು? ಜರ್ಮನ್ ದಂತಕಥೆಯ ಫೌಸ್ಟ್ ಕೂಡ ಪಿಶಾಚಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ. ಕೊನೆಯ ಮಾತು ‘ಮುದುಕನೇ, ಸಾಯುವುದು ಅಷ್ಟೇನೂ ಕಷ್ಟವಲ್ಲ’ ಎಂಬುದು. ಪ್ರಕಾಶಕ ಜಾನ್ ಮರ‍್ರೆ ಮೊದಲ ಮುದ್ರಣದಲ್ಲಿ ಈ ಸಾಲನ್ನು ಬಿಟ್ಟುಬಿಟ್ಟ. ಇಡೀ ಕೃತಿಯ ಪರಿಣಾಮವನ್ನೇ ಹಾಳು ಮಾಡಿದೆ ಎಂದು ಬೈರನ್ ಕಿಡಿಕಾರಿ ಪತ್ರ ಬರೆದ. ಒಂದು ಸಾಲಿಗಾಗಿ ಅಷ್ಟು ಸಿಟ್ಟು ಬರಬೇಕಾದರೆ ಅದರಲ್ಲಿ ಅವನ ಪ್ರಾಣವಿತ್ತು.

ಹಳೇಪುಸ್ತಕ

ಪಡುವಣಗಾಳಿಯವರಿಗೆ ನಮಸ್ಕಾರ. ನಾನು ಹೇಳಬೇಕೆಂದುಕೊಂಡದ್ದನ್ನು ನೀವು ಪೂರ್ತಿ ಹೇಳಿದಿರಿ.

ನೀಲಿದೀಪ

ಈ ಚರ್ಚೆಯಲ್ಲಿ ಹೀತ್‌ಕ್ಲಿಫ್‌ನ ಹೆಸರು ಇನ್ನೂ ಬಂದಿಲ್ಲವೆಂಬುದೇ ಆಶ್ಚರ್ಯ. ಬೈರನ್ ಸತ್ತು 23 ವರ್ಷಗಳ ಮೇಲೆ, 1847ರಲ್ಲಿ, ಎಮಿಲಿ ಬ್ರಾಂಟೆಯ ಕಾದಂಬರಿ ‘ವದರಿಂಗ್ ಹೈಟ್ಸ್’ ಬಂತು; ಅದರ ನಾಯಕ ಇವನು. ಯಾರ್ಕ್‌ಷೈರ್‌ನ ಪಾದ್ರಿಯ ಮನೆಯಲ್ಲಿ ಬೈರನ್‌ನನ್ನು ಓದುತ್ತಲೇ ಬೆಳೆದವರು ಬ್ರಾಂಟೆ ಅಕ್ಕತಂಗಿಯರು. ಆದ್ದರಿಂದ ಅವನ ನಾಯಕನ ಒಳಹೊರಗು ಇವರಿಗೆ ಚೆನ್ನಾಗಿ ಗೊತ್ತು.

ಹದಿನಾಲ್ಕನೆಯ ಅಧ್ಯಾಯಕ್ಕೆ ಹೋಗಿ. ನೆರೆಮನೆಯ ಇಸಬೆಲ್ಲಾ ಮನೆಬಿಟ್ಟು ಹೀತ್‌ಕ್ಲಿಫ್‌ನ ಜೊತೆ ಓಡಿಬಂದಿದ್ದಾಳೆ. ಅವನು ಮನೆಗೆಲಸದ ನೆಲ್ಲಿಯ ಎದುರು, ಹೆಂಡತಿಯ ಮುಖದ ಮುಂದೆಯೇ ಹೇಳುತ್ತಾನೆ: ಇವಳು ನನ್ನನ್ನು ಕಥೆಗಳ ನಾಯಕನೆಂದು ಭ್ರಮಿಸಿ ಬಂದಳು. ಹೊರಡುವಾಗ ಇವಳ ಕಣ್ಣಿಗೆ ಬಿದ್ದ ನನ್ನ ಮೊದಲ ಕೆಲಸ ಇವಳ ಪುಟ್ಟ ನಾಯಿಯನ್ನು ನೇಣು ಹಾಕಿದ್ದು. ಆಗಲೂ ಇವಳಿಗೆ ಬುದ್ಧಿ ಬರಲಿಲ್ಲ.

ಎಮಿಲಿ ಓದುಗರ ಕೆನ್ನೆಗೇ ಹೊಡೆದಂತೆ ಬರೆದಿದ್ದಾಳೆ. ಆದರೂ ಇವತ್ತಿಗೂ ಇದನ್ನು ಅಮರ ಪ್ರೇಮಕಥೆ ಎಂದು ಹೊಗಳುವವರಿದ್ದಾರೆ. ಕಾಲೇಜಿನ ದಿನಗಳಲ್ಲಿ ನಮ್ಮ ಹಾಸ್ಟೆಲಿನಲ್ಲಿ ಈ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿತ್ತು. ಸಿಡುಕುವ, ಮಾತಾಡದ, ನೋಯಿಸುವ ಹುಡುಗನಲ್ಲಿ ಆಳವಿದೆ ಎಂದು ನಂಬಿ ಎಷ್ಟೋ ಗೆಳತಿಯರು ವರ್ಷಗಟ್ಟಲೆ ಬೇಯ್ದರು. ಸಂಧ್ಯಾಪಠನ ಅವರು ಎತ್ತಿರುವುದು ಬರೀ ಸಾಹಿತ್ಯದ ಪ್ರಶ್ನೆಯಲ್ಲ.

ಬರಿಯ ಓದುಗ

ನೀಲಿದೀಪ ಅವರೇ, ನಾಯಿಯ ವಿಷಯ ಒಪ್ಪಿದೆ. ಆದರೆ ಹೀತ್‌ಕ್ಲಿಫ್ ಕಾನ್ರಾಡ್‌ನಂಥ ಕಾರಣವಿಲ್ಲದ ಮುನಿಸಿನವನಲ್ಲ. ಲಿವರ್‌ಪೂಲ್‌ನ ಬೀದಿಯಲ್ಲಿ ಹಸಿದು ಅಲೆಯುತ್ತಿದ್ದ ಮಗು ಅವನು. ಆ ಕಾಲದ ಲಿವರ್‌ಪೂಲ್ ಗುಲಾಮರ ವ್ಯಾಪಾರದಿಂದ ಕೊಬ್ಬಿದ ಬಂದರು. ಅವನ ಮೈಬಣ್ಣ ಕಪ್ಪು. ನೆರೆಮನೆಯ ಲಿಂಟನ್ ಅವನನ್ನು ನೋಡಿ ‘ಲಸ್ಕರ್ ಇರಬೇಕು’ ಎನ್ನುತ್ತಾನೆ, ಅಂದರೆ ನಮ್ಮ ಕಡೆಯ ಹಡಗಿನ ಆಳು. ನೆಲ್ಲಿಯೋ ‘ನಿನ್ನ ತಾಯಿ ಇಂಡಿಯಾದ ರಾಣಿಯಾಗಿರಬಹುದು’ ಎಂದು ಸಮಾಧಾನ ಹೇಳುತ್ತಾಳೆ. ಸಾಕಿದವರ ಮಗ ಹಿಂಡ್ಲೆ ಅವನ ಓದು ಬಿಡಿಸಿ ಹೊಲಕ್ಕೆ ಅಟ್ಟುತ್ತಾನೆ, ಹೊಡೆಯುತ್ತಾನೆ. ಇವನ ಸಿಟ್ಟಿಗೆ ಕಾರಣವಿದೆ, ವಿಳಾಸವೂ ಇದೆ.

ನೀಲಿದೀಪ

ವಿಳಾಸವಿದ್ದ ಸಿಟ್ಟು ಯಾರ ಮೇಲೆ ತೀರಿತು ನೋಡಿ. ಮೂರು ವರ್ಷ ಕಣ್ಮರೆಯಾಗಿ ದುಡ್ಡಿನೊಂದಿಗೆ ಬಂದ. ಜೂಜಿನ ಚಟಕ್ಕೆ ಬಿದ್ದ ಹಿಂಡ್ಲೆಯ ಆಸ್ತಿಯನ್ನು ಅಡವು ಹಾಕಿಸಿಕೊಂಡು ಮನೆ, ಜಮೀನು ನುಂಗಿದ. ಹಿಂಡ್ಲೆಯ ಶವಸಂಸ್ಕಾರದ ದಿನ ಅವನ ತಬ್ಬಲಿ ಮಗ ಹೇರ್‌ಟನ್‌ನನ್ನು ಮೇಜಿನ ಮೇಲೆ ಎತ್ತಿ ನಿಲ್ಲಿಸಿ, ಅದೇ ಗಾಳಿ ತಿರುಚಿದರೆ ಈ ಮರವೂ ಅಷ್ಟೇ ಸೊಟ್ಟಗೆ ಬೆಳೆಯುವುದಿಲ್ಲವೇ ನೋಡೋಣ ಎಂದ. ತನಗೆ ಅಕ್ಷರ ತಪ್ಪಿಸಿದವರ ಮಗನಿಗೆ ಅಕ್ಷರ ತಪ್ಪಿಸಿದ. ತನ್ನನ್ನು ತುಳಿದ ವ್ಯವಸ್ಥೆಯನ್ನು ಅವನು ಮುರಿಯಲಿಲ್ಲ, ಅದರ ಯಜಮಾನನಾದ.

ಆ ಸರಪಳಿಯನ್ನು ಕಡಿದದ್ದು ಹೀತ್‌ಕ್ಲಿಫ್ ಪ್ರೀತಿಸಿದ್ದ ಕ್ಯಾಥರಿನ್‌ಳ ಮಗಳು ಚಿಕ್ಕ ಕ್ಯಾಥಿ, ಹೇರ್‌ಟನ್‌ಗೆ ಪುಸ್ತಕ ಕೊಟ್ಟು ಓದು ಕಲಿಸಿದ್ದರಿಂದ. ಇಲ್ಲೂ ನಿಜವಾದ ಕೆಲಸ ಮಾಡಿದವಳು ಹೆಣ್ಣೇ.

ತುಂಗಾತೀರ

ಅಕ್ಕ ಷಾರ್ಲಟ್‌ಳ ‘ಜೇನ್ ಐರ್’ ಕೂಡ ಅದೇ ವರ್ಷದ್ದು. ಅದರ ನಾಯಕ ರಾಚೆಸ್ಟರ್ ಹೆಂಡತಿಯನ್ನು ಮಾಳಿಗೆಯಲ್ಲಿ ಕೂಡಿಹಾಕಿ ಇನ್ನೊಂದು ಮದುವೆಗೆ ನಿಂತವನು. ವಿಷಯ ತಿಳಿದ ಮದುಮಗಳು ಜೇನ್ ಕೈಯಲ್ಲಿ ಹೆಚ್ಚು ಕಾಸಿಲ್ಲದಿದ್ದರೂ ಬೆಳಗಾಗುವ ಮುಂಚೆ ಮನೆ ಬಿಟ್ಟು ಹೋಗುತ್ತಾಳೆ. ಮಾಳಿಗೆಯವಳ ಕಥೆ ಕೇಳಲು ಜೀನ್ ರಿಸ್ 1966ರಲ್ಲಿ ‘ವೈಡ್ ಸರ್ಗ್ಯಾಸೊ ಸೀ’ ಬರೆಯುವವರೆಗೆ ಕಾಯಬೇಕಾಯಿತು.

ಹಳೇಪುಸ್ತಕ

ಹೆಣ್ಣುಮಕ್ಕಳ ವಿಷಯ ಬಂದದ್ದರಿಂದ ಹೇಳುತ್ತೇನೆ, ಇವರೆಲ್ಲರಿಗಿಂತ ಮೊದಲು ಈ ರೋಗ ಗುರುತಿಸಿದವಳು ಜೇನ್ ಆಸ್ಟಿನ್. ಅವಳು ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ, ‘ಪರ್ಸುಏಷನ್’ ಪ್ರಕಟವಾಯಿತು. ಕ್ಯಾಪ್ಟನ್ ಬೆನ್‌ವಿಕ್ ಮದುವೆಯಾಗಬೇಕಿದ್ದ ಹುಡುಗಿಯನ್ನು ಕಳೆದುಕೊಂಡು, ಬೈರನ್‌ನ ಕಾವ್ಯಗಳ ಎದೆಯೊಡೆಯುವ ಸಾಲುಗಳನ್ನು ನಡುಗುವ ದನಿಯಲ್ಲಿ ಒಪ್ಪಿಸುತ್ತಾನೆ. ಕಾದಂಬರಿಯ ನಾಯಕಿ ಆ್ಯನ್ ಎಲಿಯಟ್ ಸಮಾಧಾನದಿಂದ ಕೇಳಿ, ದಿನವೂ ಸ್ವಲ್ಪ ಹೆಚ್ಚು ಗದ್ಯ ಓದಿ ಎಂದು ಸಲಹೆ ಕೊಡುತ್ತಾಳೆ. ಕೆಲವೇ ತಿಂಗಳಲ್ಲಿ ಬೆನ್‌ವಿಕ್ ಇನ್ನೊಬ್ಬಳೊಂದಿಗೆ ಮದುವೆ ನಿಶ್ಚಯ ಮಾಡಿಕೊಳ್ಳುತ್ತಾನೆ.

ಹೀಗೆಂದು ನಾನು ನಿಮ್ಮ ಪಕ್ಷ ಸೇರಿದೆ ಎಂದು ತಿಳಿಯಬೇಡಿ. ಆ್ಯನ್ ಕವಿತೆ ಬಿಡಿ ಎನ್ನಲಿಲ್ಲ.

ಗಿರಿಧಾರೆ

ರಷ್ಯನ್ನರಷ್ಟು ಈ ನಾಯಕನನ್ನು ಪ್ರೀತಿಸಿದವರೂ ಇಲ್ಲ, ಅವನನ್ನು ಬಿಚ್ಚಿ ನೋಡಿದವರೂ ಇಲ್ಲ. ಪುಷ್ಕಿನ್‌ನ ‘ಯೆವ್‌ಗೆನಿ ಒನೇಗಿನ್’ನ ಏಳನೆಯ ಅಧ್ಯಾಯದಲ್ಲಿ, ನಾಯಕನನ್ನು ಪ್ರೀತಿಸಿದ ತತ್ಯಾನಾ, ಒನೇಗಿನ್ ಇಲ್ಲದ ಹೊತ್ತಿನಲ್ಲಿ ಅವನ ಓದುವ ಕೋಣೆಗೆ ಬರುತ್ತಾಳೆ. ಗೋಡೆಯ ಮೇಲೆ ಬೈರನ್‌ನ ಚಿತ್ರ. ಒಂದು ಕಡೆ ಎರಕದ ಪುಟ್ಟ ಬೊಂಬೆ, ಟೋಪಿ, ಗಂಟಿಕ್ಕಿದ ಹುಬ್ಬು, ಎದೆಯ ಮೇಲೆ ಕಟ್ಟಿದ ಕೈ, ನೆಪೋಲಿಯನ್. ಪುಸ್ತಕಗಳ ಅಂಚಿನಲ್ಲಿ ಉಗುರಿನಿಂದ ಗೀರಿದ ಗುರುತುಗಳು, ಪೆನ್ಸಿಲಿನ ಗೆರೆಗಳು. ಅವನ್ನು ಒಂದೊಂದಾಗಿ ನೋಡುತ್ತಾ ಅವಳಿಗೆ ಅನುಮಾನ ಹುಟ್ಟುತ್ತದೆ: ಇವನು ಹೆರಾಲ್ಡ್‌ನ ಮೇಲಂಗಿ ತೊಟ್ಟ ಮಾಸ್ಕೋದವನೇ? ಬರೀ ಅನುಕರಣೆಯೇ?

ಲೆರ್ಮಂತೊವ್ ಇನ್ನೂ ಕಠೋರ. 1840ರಲ್ಲಿ ‘ನಮ್ಮ ಕಾಲದ ನಾಯಕ’ ಬಂತು. ಅದರ ನಾಯಕ ಪೆಚೋರಿನ್ ಬೇಲಾ ಎಂಬ ಹುಡುಗಿಯನ್ನು ಅವಳ ತಮ್ಮನಿಂದ ಪಡೆಯುವುದು ಕದ್ದ ಕುದುರೆಯ ಬದಲಿಗೆ. ಕೆಲವು ತಿಂಗಳಲ್ಲಿ ಅವಳೂ ಬೇಸರ. ಅವಳು ಸತ್ತ ಮೇಲೆ ಮುದಿ ಅಧಿಕಾರಿ ಮಕ್ಸೀಮ್ ಮಕ್ಸೀಮಿಚ್ ಏನೋ ಸಾಂತ್ವನ ಹೇಳಲು ಹೋದರೆ ಪೆಚೋರಿನ್ ತಲೆಯೆತ್ತಿ ನಗುತ್ತಾನೆ. ಆ ನಗುವಿಗೆ ಮುದುಕನ ಮೈಯೆಲ್ಲ ತಣ್ಣಗಾಗುತ್ತದೆ. ವರ್ಷಗಳ ನಂತರ ಇಬ್ಬರೂ ಒಂದೇ ಊರಿನಲ್ಲಿ ಇಳಿದುಕೊಳ್ಳುತ್ತಾರೆ. ಹಳೆಯ ಗೆಳೆಯ ಓಡೋಡಿ ಬರುತ್ತಾನೆ ಎಂದು ಮಕ್ಸೀಮ್ ಬಾಗಿಲಲ್ಲೇ ಕಾಯುತ್ತಾನೆ. ಮರುದಿನ ಬಂದ ಪೆಚೋರಿನ್ ಕೈ ಚಾಚಿ ನಾಲ್ಕು ಮಾತಾಡಿ, ಪರ್ಷಿಯಾಕ್ಕೆ ಹೋಗಬೇಕೆಂದು ಬಂಡಿ ಹತ್ತುತ್ತಾನೆ. ಇಷ್ಟು ದಿನ ಜೋಪಾನ ಮಾಡಿದ್ದ ಪೆಚೋರಿನ್‌ನ ಕಾಗದಪತ್ರಗಳನ್ನು ಮುದುಕ ನೆಲಕ್ಕೆ ಎಸೆಯುತ್ತಾನೆ.

ನನಗೆ ಇಡೀ ಪುಸ್ತಕದಲ್ಲಿ ಬೇಲಾಳ ಸಾವಿಗಿಂತ ಇದು ಹೆಚ್ಚು ನೋವು ಕೊಟ್ಟಿದೆ. ಈ ನಾಯಕರು ಅರಸರನ್ನು ಧಿಕ್ಕರಿಸಿದರೋ ಇಲ್ಲವೋ, ತಮ್ಮನ್ನು ಪ್ರೀತಿಸಿದ ಸಾಮಾನ್ಯರನ್ನು ಮಾತ್ರ ತಪ್ಪದೆ ಧಿಕ್ಕರಿಸಿದರು.

ಪಡುವಣಗಾಳಿ

ಗಿರಿಧಾರೆಯವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ರಷ್ಯಾದಲ್ಲಿ ಇನ್ನೊಂದು ಮುಖವೂ ಇತ್ತು. ಬೈರನ್ ಸತ್ತ ಸುದ್ದಿ ಕೇಳಿ ಕವಿತೆ ಬರೆದ ರಿಲೇಯೆವ್, ಝಾರ್ ದೊರೆಯ ವಿರುದ್ಧ ನಡೆದ 1825ರ ಡಿಸೆಂಬರ್ ದಂಗೆಯ ಮುಂದಾಳುಗಳಲ್ಲಿ ಒಬ್ಬ. ಮರುವರ್ಷ ಗಲ್ಲಿಗೇರಿದ ಐವರಲ್ಲಿ ಅವನೂ ಇದ್ದ. ಬೈರನ್‌ನನ್ನು ಓದಿ ಎಲ್ಲರೂ ಪೆಚೋರಿನ್ ಆಗಲಿಲ್ಲ.

ಕಪ್ಪುಶಾಯಿ

ನಮ್ಮ ರನ್ನನ ದುರ್ಯೋಧನ ಇವರ ಪೈಕಿಯವನಲ್ಲವೇ? ‘ನೆಲಕಿಱಿವೆನೆಂದು ಬಗೆದಿರೆ, ಚಲಕಿಱಿವೆಂ’ ಎಂದವನು. ಸೋಲು ಖಚಿತವಾದರೂ ಬಾಗದವನು.

ತುಂಗಾತೀರ

ಆ ಪದ್ಯವನ್ನು ಪೂರ್ತಿ ಓದಿ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಇದರೊಡನೆ ಮತ್ತೆ ಕೂಡಿ ಬಾಳುವೆನೇ ಎನ್ನುತ್ತಾನೆ. ಗೆಳೆಯನಿಗಾಗಿ ಉರಿಯುವ ಛಲ ಅದು. ಮಕ್ಸೀಮ್‌ನನ್ನು ಬಾಗಿಲಲ್ಲಿ ಕಾಯಿಸಿದ ಪೆಚೋರಿನ್‌ನ ಪಕ್ಕದಲ್ಲಿ ದುರ್ಯೋಧನನನ್ನು ಕೂರಿಸುವುದು ಸಲ್ಲದು.

ಬರಿಯ ಓದುಗ

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಈ ನಾಯಕನ ಮೊದಲ ಒಳ್ಳೆಯ ವರ್ಣನೆ ಮೆಕಾಲೆಯದ್ದು, ಅದೇ ನಮ್ಮ ಶಿಕ್ಷಣದ ಮೆಕಾಲೆ. 1831ರ ಲೇಖನದಲ್ಲಿ ಅವನು ಹೇಳುತ್ತಾನೆ: ಗರ್ವಿ, ಸಿಡುಕ, ಹುಬ್ಬಿನಲ್ಲಿ ಧಿಕ್ಕಾರ, ಎದೆಯಲ್ಲಿ ಸಂಕಟ, ಸೇಡಿನಲ್ಲಿ ನಿಷ್ಕರುಣಿ, ಆದರೂ ಆಳವಾದ ಪ್ರೀತಿಗೆ ಶಕ್ತ. ಕನ್ನಡಿಯ ಮುಂದೆ ನಿಂತು ತುಟಿ ಸೊಟ್ಟ ಮಾಡಿ, ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡುತ್ತಿದ್ದ ಹುಡುಗರ ಬಗ್ಗೆಯೂ ಅಲ್ಲಿ ಬರೆದಿದ್ದಾನೆ. ಮೂರು ವರ್ಷದ ನಂತರ, 1834ರಲ್ಲಿ, ಮದರಾಸಿನಿಂದ ಊಟಿಗೆ ಹೋಗುವಾಗ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾಯ್ದುಹೋದದ್ದು ಇದೇ ಮನುಷ್ಯ.

ಗಿರಿಧಾರೆ

ಇಂಡಿಯಾದ ಮಾತು ಬಂದರೆ ಬಂಗಾಳಿ ಕವಿ ಮೈಕೇಲ್ ಮಧುಸೂದನ ದತ್ತನನ್ನು ಬಿಡುವುದು ಹೇಗೆ? ಬೈರನ್ ಸತ್ತ ವರ್ಷವೇ ಹುಟ್ಟಿದವನು. ಹದಿಹರೆಯದಲ್ಲಿ ಬೈರನ್‌ನ ಜೀವನಚರಿತ್ರೆ ಓದುತ್ತಾ, ನಾನು ದೊಡ್ಡ ಕವಿಯಾದರೆ ನನ್ನ ಚರಿತ್ರೆಯನ್ನು ನೀನು ಬರೆಯಬೇಕು ಎಂದು ಗೆಳೆಯನಿಗೆ ಪತ್ರ ಬರೆದ. 1861ರ ‘ಮೇಘನಾದವಧ ಕಾವ್ಯ’ದಲ್ಲಿ ರಾವಣನನ್ನೂ ಅವನ ಮಗನನ್ನೂ ಎತ್ತಿ ಹಿಡಿದ. ಆದರೆ ಅವನ ರಾವಣ ಒಂಟಿಯಲ್ಲ. ಮಗನನ್ನು ಕಳೆದುಕೊಂಡ ತಂದೆ, ಊರನ್ನು ಉಳಿಸಿಕೊಳ್ಳಲು ಹೆಣಗುವ ದೊರೆ. ಬೈರನ್‌ನಿಂದ ಕಿಡಿ ತೆಗೆದುಕೊಂಡರೂ ಬೇರೆಯೇ ದೀಪ ಹಚ್ಚಿದ.

ದೂರದೂರು

ಸಂಧ್ಯಾಪಠನ ಅವರಿಗೆ ಇನ್ನೊಂದು ಉತ್ತರ ಬಾಕಿ ಇದೆ. ನೀವು ನಾಯಕ ಏನು ಮಾಡಿದ ಎಂದಷ್ಟೇ ನೋಡುತ್ತಿದ್ದೀರಿ. ಓದಿದವರು ಏನು ಮಾಡಿದರು? 1821ರ ಕೊನೆಯಲ್ಲಿ ಬಂದ ಬೈರನ್‌ನ ‘ಕೇನ್’ ನಾಟಕ ದೈವನಿಂದೆ ಎಂದು ಗದ್ದಲವೆದ್ದಿತು. ಕಳ್ಳಮುದ್ರಣ ತಡೆಯಿರಿ ಎಂದು ಪ್ರಕಾಶಕ ಕೋರ್ಟಿಗೆ ಹೋದರೆ, ಇಂಥ ಕೃತಿಗೆ ರಕ್ಷಣೆ ಇಲ್ಲ ಎಂದು ಕೈತೊಳೆದುಕೊಂಡರು. ಅದರಿಂದ ಆದದ್ದೇನು? ಸರ್ಕಾರದ ವಿರೋಧಿಗಳಾಗಿದ್ದ ಸಣ್ಣ ಮುದ್ರಕರು ಅಗ್ಗದ ಪ್ರತಿಗಳನ್ನು ಹೊರತಂದರು. ಅವನ ಕಾವ್ಯ ‘ಡಾನ್ ಹ್ವಾನ್’ಗೂ ಹಾಗೆಯೇ ಆಯಿತು. ಸಿರಿವಂತರ ಮೇಜಿನ ಮೇಲಿದ್ದ ಕವಿ ಕೂಲಿಗಾರರ ಕೈಗೆ ಬಂದ. 1845ರಲ್ಲಿ ಮಾರ್ಕ್ಸ್‌ನ ಸಂಗಾತಿ ಎಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕರ ಬಗ್ಗೆ ಬರೆದ ಪುಸ್ತಕದಲ್ಲಿ, ಷೆಲ್ಲಿ ಮತ್ತು ಬೈರನ್‌ಗೆ ಹೆಚ್ಚಿನ ಓದುಗರಿರುವುದು ಕಾರ್ಮಿಕರಲ್ಲೇ, ಮೇಲ್ವರ್ಗದವರು ಇಟ್ಟುಕೊಂಡಿರುವುದು ಕತ್ತರಿಸಿದ ಆವೃತ್ತಿಗಳನ್ನು ಎಂದು ಹೇಳಿದ್ದಾನೆ.

ಕಾನ್ರಾಡ್ ಯಾರ ಸಂಕೋಲೆ ಕತ್ತರಿಸಿದ ಎಂದು ಕೇಳಿದಿರಿ. ತಲೆತಗ್ಗಿಸಿ ನಿಲ್ಲುವುದೇ ಧರ್ಮ ಎಂದು ಚರ್ಚೂ ಗಿರಣಿಯೂ ಕಲಿಸಿದ ಮನುಷ್ಯನಿಗೆ, ತಲೆ ತಗ್ಗಿಸದೆ ನಿಂತವನೊಬ್ಬನ ಚಿತ್ರವೇ ದೊಡ್ಡ ಬಲ. ಅವನು ತನಗಾಗಿ ನಿಂತನೋ ಪರರಿಗಾಗಿ ನಿಂತನೋ ಎಂಬುದು ಆಮೇಲಿನ ಪ್ರಶ್ನೆ.

ಸಂಧ್ಯಾಪಠನ

ದೂರದೂರು ಅವರೇ, ಈವರೆಗೆ ಬಂದ ಉತ್ತರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಕೂಲಿಗಾರನ ಕೈಯಲ್ಲಿ ಆ ಪುಸ್ತಕದ ಅರ್ಥ ಬೇರೆಯಾಯಿತು ಎಂಬುದನ್ನು ತರಗತಿಯಲ್ಲಿ ಖಂಡಿತ ಹೇಳುತ್ತೇನೆ. ಆದರೂ ಬೆಲೆ ಕಟ್ಟುವಾಗ ನಿಂತವನ ಪಕ್ಕದಲ್ಲಿ ಇದ್ದವರು ಏನಾದರು ಎಂದು ಕೇಳುವುದನ್ನು ನಾನು ಬಿಡುವುದಿಲ್ಲ. ಕಾನ್ರಾಡ್‌ನ ಪ್ರಿಯೆ ಮೆಡೋರಾ ಕಾಯುತ್ತಾ ಸತ್ತಳು. ಗುಲ್ನಾರೆಗೆ ಒಂದು ಮುತ್ತು ಸಿಕ್ಕಿತು, ಅಷ್ಟೇ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹುಡುಗಿಯರು. ಅವರು ಆ ಜಾಗದಲ್ಲಿ ನಿಂತು ಓದುತ್ತಾರೆ.

ಪಡುವಣಗಾಳಿ

ಹಾಗಾದರೆ ದೂರದೂರು ಅವರು ಹೆಸರು ಹೇಳಿ ಬಿಟ್ಟ ‘ಕೇನ್’ ಅನ್ನೇ ಪಾಠಕ್ಕೆ ತೆಗೆದುಕೊಳ್ಳಿ. ಅಲ್ಲಿ ಬೈರನ್‌ನ ನಾಯಕ ಬದಲಾಗಿದ್ದಾನೆ. ಅಪ್ಪ ಅಮ್ಮ ತಿಂದ ಹಣ್ಣಿಗೆ ನಾನೇಕೆ ದಂಡ ತೆರಬೇಕು ಎಂದು ಬೈಬಲ್ಲಿನ ಆದಮ ಹವ್ವರ ಮಗ ಕೇನ್ ಕೇಳುತ್ತಾನೆ. ಅಲ್ಲಿಗೇ ನಿಲ್ಲುವುದಿಲ್ಲ. ಮಲಗಿರುವ ತನ್ನ ಕೂಸು ಈನೋಕ್‌ನನ್ನು ನೋಡುತ್ತಾ, ಇವನೇಕೆ, ಇವನ ನಂತರ ಹುಟ್ಟುವವರೇಕೆ ತೆರಬೇಕು ಎಂದು ಕುದಿಯುತ್ತಾನೆ. ಇನ್ನೂ ಹುಟ್ಟದವರ ಪರವಾಗಿ ವಾದಿಸುವವನನ್ನು ಸ್ವಾರ್ಥಿ ಎನ್ನಲಾಗದು.

ನೀಲಿದೀಪ

ಆ ವಾದ ಕೊನೆಗೆ ತಮ್ಮನ ತಲೆ ಒಡೆಯಿತಲ್ಲ?

ತುಂಗಾತೀರ

ಒಡೆದ ಮೇಲೆ ತಾಯಿ ಶಪಿಸಿ, ತಂದೆ ಹೊರಗಟ್ಟುವಾಗ ಹೆಂಡತಿ ಆದಾ ಮಾತ್ರ ಜೊತೆಗೆ ಹೊರಡುತ್ತಾಳೆ. ಈನೋಕ್‌ನನ್ನು ನಾನು ಎತ್ತಿಕೊಳ್ಳುತ್ತೇನೆ, ಅವನ ತಂಗಿಯನ್ನು ನೀನು ಎತ್ತಿಕೋ ಎನ್ನುತ್ತಾಳೆ. ಅವಳನ್ನೂ ಪಾಠದಲ್ಲಿ ಸೇರಿಸಿ.

ಪಡುವಣಗಾಳಿ

ನೀಲಿದೀಪ ಅವರೇ, ಒಡೆಯಿತು. ಒಡೆದವನು ಪೆಚೋರಿನ್‌ನಂತೆ ನಗಲಿಲ್ಲ, ತಮ್ಮ ಆಬೇಲ್ ಬದುಕಲಿ, ಅವನ ಬದಲು ನಾನು ಸಾಯುತ್ತೇನೆ ಎಂದು ಬೇಡಿಕೊಂಡ. ಮೂರನೆಯ ಅಂಕ ಓದಿ ಬನ್ನಿ, ಆಮೇಲೆ ಜಗಳ ಮುಂದುವರಿಸೋಣ.

ನೀಲಿದೀಪ

ಓದಿಯೇ ಬರುತ್ತೇನೆ. ಆದರೆ ಹೀತ್‌ಕ್ಲಿಫ್‌ನ ಬಗ್ಗೆ ನನ್ನ ಮಾತಿಗೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.